ಕೊನೆಯ ಹದಕ್ಕೆ ಕಳುಹಿಸುವ ಮುನ್ನ

ಹಾಡುವುದು ಒಂದು ಕೆಲಸ. ಹಾಡಿದ್ದನ್ನು ಹಿಡಿದಿಡುವುದು ಎರಡನೆಯ ಕೆಲಸ. ಹಿಡಿದಿಟ್ಟದ್ದನ್ನು ನಾಲ್ಕು ಜನರ ಮುಂದೆ ಇಡುವಂತೆ ಹದಗೊಳಿಸುವುದು ಮೂರನೆಯ ಕೆಲಸ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ಈಚೆಗೆ ಎಲ್ಲರ ಕೈಗೂ ಎಟುಕುವಂತಾಗಿದೆ. ಮೂರನೆಯದರ ಹೆಸರನ್ನು ಕೇಳಿದವರೇ ಕಡಮೆ. ಒಂದು ಧ್ವನಿಮುದ್ರಿಕೆಯನ್ನು ಹಾಕಿದಾಗ ಹಾಡಿನಿಂದ ಹಾಡಿಗೆ ನಾವು ಎದ್ದುಹೋಗಿ ಸದ್ದಿನ ಗುಂಡಿಯನ್ನು ತಿರುಗಿಸಬೇಕಾಗಿ ಬರದಿದ್ದರೆ, ತಂಬೂರಿಯ ಶ್ರುತಿ, ಹಾಡುವವರ ಸಾಹಿತ್ಯ, ಮೃದಂಗದ ಘುಂಕಾರ ಇವು ಒಂದನ್ನೊಂದು ನುಂಗದೆ ನಮ್ಮ ಮನೆಯ ಸಣ್ಣ ಪೆಟ್ಟಿಗೆಯಿಂದಲೂ ತಿಳಿಯಾಗಿ ಬಂದರೆ, ಅದರ ಹಿಂದೆ ಈ ಮೂರನೆಯ ಕೆಲಸವನ್ನು ಬಲ್ಲ ಕೈಯೊಂದಿದೆ ಎಂದು ತಿಳಿಯಬೇಕು. ಈ ಕೆಲಸಕ್ಕೆ ಮಾಸ್ಟರಿಂಗ್ ಎಂದು ಹೆಸರು.

ಈಗ ನಮ್ಮ ಊರುಗಳಲ್ಲಿ ಭಜನಾಮಂಡಲಿಯವರು, ಸುಗಮ ಸಂಗೀತದ ತರಗತಿಯವರು, ಶಾಲೆಯ ಮಕ್ಕಳು ಸಹ ಒಂದು ಕೋಣೆ, ಎರಡು ಮೈಕು, ಒಂದು ಕಂಪ್ಯೂಟರು ಇವಿಷ್ಟರಿಂದಲೇ ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ. ಹೀಗೆ ಮುದ್ರಿಸಿದ ಧ್ವನಿಯ ಫೈಲನ್ನು ಬೆಂಗಳೂರಿನಲ್ಲೋ ಇನ್ನೊಂದು ಊರಿನಲ್ಲೋ ಇರುವ ಮಾಸ್ಟರಿಂಗ್ ತಜ್ಞರಿಗೆ ಕಳುಹಿಸುತ್ತಾರೆ. ಆತನ ಕೈಯಲ್ಲಿ ಏನೋ ಮಂತ್ರವಿದೆ, ನಾವು ಏನು ಕಳುಹಿಸಿದರೂ ಅದು ಹೊಳೆಯುತ್ತ ಹಿಂದಿರುಗಿ ಬರುತ್ತದೆ ಎಂಬ ನಂಬಿಕೆ ಬಹುಮಂದಿಗೆ ಉಂಟು. ಅದು ಸರಿಯಲ್ಲ. ಆತ ಇರುವುದನ್ನು ಹದಗೊಳಿಸಬಲ್ಲನೇ ಹೊರತು ಕಳೆದುಹೋದದ್ದನ್ನು ತಂದುಕೊಡಲಾರ. ಆದ್ದರಿಂದ ಏನನ್ನು ಕಳುಹಿಸಬೇಕು, ಕಳುಹಿಸುವ ಮುನ್ನ ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಮನೆಯಲ್ಲಿ ಹಾಡುವ ಮಕ್ಕಳಿರುವವರೆಲ್ಲರೂ ಒಂದಿಷ್ಟು ತಿಳಿದಿರುವುದು ಮೇಲು.

ಹೆಸರು ಬಂದ ಬಗೆ

೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬುವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡಿಕೆಯನ್ನು ಮುದ್ರಿಸಿಕೊಂಡರು. ಆಗ ವಿದ್ಯುತ್ತಿನ ಮೈಕು ಇರಲಿಲ್ಲ. ಗಾಯಕಿ ದೊಡ್ಡ ಕಹಳೆಯ ಬಾಯೊಳಕ್ಕೆ ಹಾಡಬೇಕು. ಆ ಧ್ವನಿಯ ಬಲದಿಂದಲೇ ಸೂಜಿ ನಡುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಆ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಹಿಂದಿರುಗುತ್ತಿದ್ದವು. ಮೇಣದ ಮೇಲೆ ಲೋಹದ ಲೇಪ ಕೊಟ್ಟು ತೆಗೆದ ಮೊದಲ ಅಚ್ಚೇ ಮಾಸ್ಟರ್. ಅದರಿಂದ ಇನ್ನೊಂದು ಅಚ್ಚು ತೆಗೆಯುತ್ತಿದ್ದರು. ಅದನ್ನು ಕಾರ್ಖಾನೆಯವರೇ ತಾಯಿ ಎಂದು ಕರೆಯುತ್ತಿದ್ದರು. ತಾಯಿಯಿಂದ ಒತ್ತಚ್ಚು, ಒತ್ತಚ್ಚಿನಿಂದ ಅಂಗಡಿಗೆ ಬರುವ ಸಾವಿರಾರು ತಟ್ಟೆಗಳು.

ಮುಂದೆ ಕಾಂತೀಯ ಟೇಪು ಬಂತು. ೧೯೪೮ರಲ್ಲಿ ದೀರ್ಘವಾದನದ ತಟ್ಟೆ ಬಂತು. ಟೇಪಿನಲ್ಲಿದ್ದ ಧ್ವನಿಯನ್ನು ತಟ್ಟೆಯ ಗೆರೆಯಾಗಿ ಕೊರೆಯುವ ಕೆಲಸ ಒಬ್ಬ ತಜ್ಞನ ಪಾಲಿಗೆ ಬಂತು. ಮಂದ್ರದ ಸದ್ದು ಅತಿಯಾದರೆ ಗೆರೆ ಅಗಲವಾಗಿ ಅಂಕುಡೊಂಕಾಗಿ ನುಡಿಸುವ ಮುಳ್ಳು ಹಾರಿಬೀಳುವುದು. ಸಕಾರ ಶಕಾರಗಳು ತೀಕ್ಷ್ಣವಾದರೆ ಧ್ವನಿ ಕರಕರ ಎನ್ನುವುದು. ಇವನ್ನೆಲ್ಲ ತೂಗಿ ನೋಡಿ, ಸಂಗೀತದ ಸೊಬಗು ಕೆಡದಂತೆ ತಟ್ಟೆಯ ಮಿತಿಯೊಳಗೆ ಕೂಡಿಸುವುದು ಆತನ ಕೌಶಲ. ೧೯೮೨ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಮೇಲೆ ಮುಳ್ಳು ಹೋಯಿತು. ಈಗ ತಟ್ಟೆಯೂ ಅಪರೂಪವಾಗಿ ಫೈಲು ಒಂದೇ ಉಳಿದಿದೆ. ಆದರೆ ಕೆಲಸ ಉಳಿದಿದೆ, ಹೆಸರೂ ಉಳಿದಿದೆ. ಹಾಡು ಹಾಡಿಗೂ ಹೊಂದಿಕೆ, ಮಂದ್ರ ತಾರಗಳ ಸಮತೂಕ, ಕೊನೆಯ ಗಟ್ಟಿತನದ ಪ್ರಮಾಣ, ದೊಡ್ಡ ಪೆಟ್ಟಿಗೆಯಲ್ಲೂ ಚಿಕ್ಕ ಪೆಟ್ಟಿಗೆಯಲ್ಲೂ ಕೇಳಿಸುವಂತೆ ಮಾಡುವ ಜಾಣ್ಮೆ, ಇವು ಇಂದಿಗೂ ಮಾಸ್ಟರಿಂಗ್ ತಜ್ಞನ ಹೊಣೆ.

ಪಾತ್ರೆಯ ಕಂಠ

ಇಡ್ಲಿಯ ಹಿಟ್ಟನ್ನು ರುಬ್ಬಿ ಪಾತ್ರೆಯ ಕಂಠದವರೆಗೂ ತುಂಬಿಡುವ ಗೃಹಿಣಿಯನ್ನು ನಾನು ಕಂಡಿಲ್ಲ. ರಾತ್ರಿ ಹಿಟ್ಟು ಉಬ್ಬುವುದಕ್ಕೆ ಎಡೆ ಬೇಕು. ಎಡೆಯಿಲ್ಲದಿದ್ದರೆ ಬೆಳಗಾಗುವಾಗ ಅಡುಗೆಮನೆಯ ನೆಲದ ಮೇಲೆ ಹಿಟ್ಟು. ಧ್ವನಿಮುದ್ರಣದಲ್ಲಿಯೂ ಇದೇ ನ್ಯಾಯ.

ಕಂಪ್ಯೂಟರಿನೊಳಗೆ ಧ್ವನಿಯ ಎತ್ತರವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಅಲ್ಲಿಯ ವಿಚಿತ್ರವೆಂದರೆ ಸೊನ್ನೆಯೇ ತುತ್ತತುದಿ. ಅದಕ್ಕಿಂತ ಕೆಳಗಿನದೆಲ್ಲ ಮೈನಸ್ ೩, ಮೈನಸ್ ೬, ಮೈನಸ್ ೨೦ ಎಂದು ಇಳಿಯುತ್ತ ಹೋಗುತ್ತದೆ. ಆರು ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹೆಚ್ಚುಕಡಮೆ ಅರ್ಧವಾಗುತ್ತದೆ. ಸೊನ್ನೆಯ ಗೆರೆಯನ್ನು ದಾಟಲು ಧ್ವನಿಗೆ ದಾರಿಯಿಲ್ಲ. ಹಾಡುವವರು ತಾರಸ್ಥಾಯಿಯಲ್ಲಿ ಎದೆದುಂಬಿ ನಿಂತಾಗ, ಮೃದಂಗಕ್ಕೆ ಬಲವಾದ ಪೆಟ್ಟು ಬಿದ್ದಾಗ, ಅಲೆ ಆ ಗೆರೆಗೆ ತಗುಲಿದರೆ ಅದರ ತುದಿ ಗೋಪುರದ ಕಳಸವನ್ನು ಗರಗಸದಿಂದ ಕೊಯ್ದಂತೆ ಚಪ್ಪಟೆಯಾಗುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಹಾಡಿನಲ್ಲಿಲ್ಲದ ಒಡಕು ಧ್ವನಿಗಳು ಅಲ್ಲಿ ಹುಟ್ಟಿಕೊಳ್ಳುತ್ತವೆ. ಸದ್ದನ್ನು ಆಮೇಲೆ ಎಷ್ಟು ಇಳಿಸಿದರೂ ಕಳಸ ಮತ್ತೆ ಬೆಳೆಯುವುದಿಲ್ಲ; ಮೊಂಡು ಗೋಪುರವೇ ಚಿಕ್ಕದಾಗಿ ಕಾಣುತ್ತದೆ, ಅಷ್ಟೆ.

ಆದುದರಿಂದ ಮಾಸ್ಟರಿಂಗಿಗೆ ಕಳುಹಿಸುವ ಫೈಲಿನಲ್ಲಿ ಅತ್ಯಂತ ಗಟ್ಟಿಯಾದ ಕ್ಷಣವೂ ಮೈನಸ್ ೩ರಿಂದ ಮೈನಸ್ ೬ ಡೆಸಿಬೆಲ್ಲಿನ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ರೂಢಿ. “ಅಷ್ಟು ಇಳಿಸಿದರೆ ಧ್ವನಿಯ ಗುಣ ಕಡಮೆಯಾಗುವುದಿಲ್ಲವೆ?” ಎಂದು ಕೇಳುವುದುಂಟು. ಅದಕ್ಕೆ ಲೆಕ್ಕದ ಉತ್ತರವಿದೆ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದಿಡುತ್ತಾರೆ. ೧೬ ಬಿಟ್ಟಿನಲ್ಲಿ ೬೫,೫೩೬ ಮೆಟ್ಟಿಲುಗಳು. ಅತಿ ಮೆಲ್ಲನೆಯ ಧ್ವನಿಗೂ ಅತಿ ಗಟ್ಟಿಯಾದದ್ದಕ್ಕೂ ನಡುವೆ ಸುಮಾರು ೯೬ ಡೆಸಿಬೆಲ್ ಅಂತರ. ೨೪ ಬಿಟ್ಟಿನಲ್ಲಿ ಮುದ್ರಿಸಿದರೆ ಮೆಟ್ಟಿಲುಗಳು ೧,೬೭,೭೭,೨೧೬. ಅಂತರ, ಲೆಕ್ಕದ ಮಟ್ಟಿಗೆ, ಸುಮಾರು ೧೪೪ ಡೆಸಿಬೆಲ್. ಆರು ಡೆಸಿಬೆಲ್ ಎಡೆ ಬಿಟ್ಟರೆ ಖರ್ಚಾಗುವುದು ಒಂದೇ ಒಂದು ಬಿಟ್ಟು. ಇಷ್ಟು ದೊಡ್ಡ ಕಣಜದಲ್ಲಿ ಒಂದು ಬೊಗಸೆಗೆ ಜಿಪುಣತನ ಬೇಡ. ಮುದ್ರಣವನ್ನು ಮೊದಲಿನಿಂದಲೂ ೨೪ ಬಿಟ್ಟಿನಲ್ಲೇ ಮಾಡಿಕೊಳ್ಳಬೇಕೆಂಬುದು ಈ ಕಾರಣಕ್ಕಾಗಿ.

ತಾಯಿಪ್ರತಿ

ಹಳೆಗನ್ನಡ ಕಾವ್ಯಗಳನ್ನು ಓದಿದವರಿಗೆ ಪಾಠಾಂತರದ ತೊಂದರೆ ಗೊತ್ತು. ಒಂದು ಓಲೆಯನ್ನು ನೋಡಿ ಇನ್ನೊಂದು ಓಲೆ, ಅದನ್ನು ನೋಡಿ ಮತ್ತೊಂದು, ಹೀಗೆ ಪ್ರತಿ ಮಾಡುವವನ ಕೈತಪ್ಪಿನಿಂದ ಒಂದು ಅಕ್ಷರ ಬಿಟ್ಟುಹೋದರೆ ಮುಂದಿನ ಎಲ್ಲ ಪ್ರತಿಗಳಲ್ಲೂ ಆ ಅಕ್ಷರ ಇಲ್ಲ. ಸಂಪಾದಕ ಎಷ್ಟೇ ವಿದ್ವಾಂಸನಾದರೂ ತಾಯಿಪ್ರತಿ ಸಿಕ್ಕದೆ ಅದನ್ನು ಊಹಿಸಬಲ್ಲನೇ ಹೊರತು ಕಾಣಲಾರ.

ಧ್ವನಿಯ ಫೈಲಿನಲ್ಲಿ ಎರಡು ಜಾತಿ. ವೇವ್ ಮತ್ತು ಎ.ಐ.ಎಫ್.ಎಫ್. ಎಂಬ ಬಗೆಯವು ಅಳತೆಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳುತ್ತವೆ. ಎಫ್.ಎಲ್.ಎ.ಸಿ. ಎಂಬುದು ಮಡಿಸಿಟ್ಟ ಬಟ್ಟೆಯಂತೆ. ಜಾಗ ಕಡಮೆ, ಬಿಚ್ಚಿದರೆ ಎಲ್ಲವೂ ಇದ್ದ ಹಾಗೆಯೇ ಇರುತ್ತದೆ. ಆದರೆ ಎಂ.ಪಿ.೩ ಎಂಬುದು ಬೇರೆ ಜಾತಿ. ಒಂದು ಗಟ್ಟಿಯಾದ ಧ್ವನಿಯ ನೆರಳಿನಲ್ಲಿ ಮೆಲ್ಲನೆಯದು ನಮ್ಮ ಕಿವಿಗೆ ಬೀಳುವುದಿಲ್ಲ ಎಂಬ ಸಹಜಧರ್ಮವನ್ನು ಹಿಡಿದು, ಕೇಳಿಸದೆಂದು ಊಹಿಸಿದ್ದನ್ನು ಅದು ತೆಗೆದು ಹಾಕುತ್ತದೆ. ೨೪ ಬಿಟ್ಟಿನಲ್ಲಿ, ಸೆಕೆಂಡಿಗೆ ೪೮,೦೦೦ ಅಳತೆಗಳಂತೆ, ಎಡಬಲ ಎರಡು ಧಾರೆಗಳಲ್ಲಿ ಮುದ್ರಿಸಿದ ಒಂದು ನಿಮಿಷದ ವೇವ್ ಫೈಲು ಸುಮಾರು ೧೭ ಮೆಗಾಬೈಟ್ ಇರುತ್ತದೆ. ಅದೇ ನಿಮಿಷವನ್ನು ಸಾಧಾರಣ ದರ್ಜೆಯ, ಎಂದರೆ ಸೆಕೆಂಡಿಗೆ ೧೨೮ ಕಿಲೊಬಿಟ್ಟಿನ, ಎಂ.ಪಿ.೩ ಮಾಡಿದರೆ ಒಂದು ಮೆಗಾಬೈಟ್ ಸಹ ಆಗದು. ಹದಿನೆಂಟರಲ್ಲಿ ಒಂದು ಪಾಲು ಉಳಿಯಿತು ಎಂದಾಯಿತು. ಬಸ್ಸಿನಲ್ಲಿ ಕುಳಿತು ಕೇಳುವುದಕ್ಕೆ ಇದು ಸಾಕು. ಆದರೆ ಮಾಸ್ಟರಿಂಗ್ ತಜ್ಞ ಒಂದು ಸ್ವರಪ್ರದೇಶವನ್ನು ಎತ್ತಿದಾಗ, ಇನ್ನೊಂದನ್ನು ಇಳಿಸಿದಾಗ, ನೆರಳಿನಲ್ಲಿ ಅಡಗಿದ್ದ ಹರಕುಗಳು ಬಿಸಿಲಿಗೆ ಬೀಳುತ್ತವೆ.

ಎಂ.ಪಿ.೩ ಅನ್ನು ತಿರುಗಿ ವೇವ್ ಮಾಡಿ ಕಳುಹಿಸಿದರೂ ಪ್ರಯೋಜನವಿಲ್ಲ. ಹಾಲಿಗೆ ನೀರು ಬೆರೆಸಿದರೆ ಅಳತೆ ಹೆಚ್ಚೀತು, ಹಾಲು ಹೆಚ್ಚದು. ಸೆಕೆಂಡಿಗೆ ೪೪,೧೦೦ರಂತೆ ಮುದ್ರಿಸಿದ್ದನ್ನು ೯೬,೦೦೦ಕ್ಕೆ ಏರಿಸುವುದೂ ಹೀಗೆಯೆ. ಹೇಗೆ ಮುದ್ರಿಸಿದೆಯೋ ಹಾಗೆಯೇ ಕಳುಹಿಸತಕ್ಕದ್ದು. ೨೪ ಬಿಟ್ಟನ್ನು ೧೬ಕ್ಕೆ ಇಳಿಸುವ ಕೆಲಸವನ್ನೂ ತಜ್ಞನಿಗೇ ಬಿಡಬೇಕು. ಇಳಿಸುವಾಗ ಮೆಲ್ಲನೆಯ ಧ್ವನಿಗಳು ಒರಟಾಗದಂತೆ ಡಿದರ್ ಎಂಬ ಅತಿಸೂಕ್ಷ್ಮ ಮರ್ಮರವನ್ನು ಬೇಕೆಂದೇ ಬೆರೆಸುವ ಪದ್ಧತಿಯಿದ್ದು, ಅದು ಕಟ್ಟಕಡೆಯಲ್ಲಿ ಒಮ್ಮೆ ಮಾತ್ರ ಆಗಬೇಕಾದುದು.

ಗಟ್ಟಿತನದ ಮೋಹ

ಇಷ್ಟೆಲ್ಲ ತಿಳಿದೂ ಜನ ತಪ್ಪುವುದು ಒಂದು ಮೋಹದಿಂದ. ಗಟ್ಟಿಯಾಗಿದ್ದದ್ದು ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. ಇದಕ್ಕೆ ಕಾರಣವೂ ಉಂಟು. ಧ್ವನಿ ಮೆಲ್ಲಗಿರುವಾಗ ಮಂದ್ರದ ಮತ್ತು ಅತಿ ತಾರದ ನಾದಗಳು ನಡುವಿನವಕ್ಕಿಂತ ಹೆಚ್ಚಾಗಿ ಕುಗ್ಗಿ ಕೇಳಿಸುತ್ತವೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್‌ಸನ್ ೧೯೩೩ರಲ್ಲಿಯೇ ಅಳೆದು ತೋರಿಸಿದರು. ಅದೇ ಹಾಡನ್ನು ತುಸು ಏರಿಸಿದರೆ ತುಂಬಿಕೊಂಡಂತೆ ತೋರುವುದು ಕಿವಿಯ ಸ್ವಭಾವ, ಹಾಡಿನ ಗುಣವಲ್ಲ.

ಈ ಮೋಹಕ್ಕೆ ನಾನೂ ಒಳಗಾದವನೆ. ನಮ್ಮ ಊರಿನಲ್ಲಿ ಹಿರಿಯ ಗಮಕಿಗಳೊಬ್ಬರಿದ್ದರು. ಅವರ ಬಾಯಲ್ಲಿ ಕುಮಾರವ್ಯಾಸ ಭಾರತದ ಕರ್ಣಪರ್ವವನ್ನು ಮುದ್ರಿಸಿಕೊಳ್ಳಬೇಕೆಂದು ನಾನೂ ನನ್ನ ಕೆಲವು ಹಳೆಯ ಶಿಷ್ಯರೂ ಸೇರಿ ಎರಡು ಸಂಜೆ ಅವರ ಮನೆಯಲ್ಲೇ ಏರ್ಪಾಡು ಮಾಡಿದೆವು. ವಾಚನ ಸೊಗಸಾಗಿ ಬಂತು. ಕೇಳಿ ನೋಡಿದಾಗ ಸದ್ದು ಸಾಲದೆಂದು ನನಗೆ ತೋರಿತು. “ಸ್ವಲ್ಪ ಏರಿಸಪ್ಪ, ಎದೆಗೆ ತಟ್ಟುವಂತಿರಲಿ” ಎಂದೆ. “ಆಗಲಿ ಸಾರ್” ಎಂದು ಹುಡುಗ ಲಿಮಿಟರ್ ಎಂಬ ಉಪಕರಣವನ್ನು ಹಾಕಿ ಏರಿಸಿದ. ಅಷ್ಟಕ್ಕೂ ತೃಪ್ತಿಯಾಗದೆ ಇನ್ನೊಮ್ಮೆ ಏರಿಸಲು ಹೇಳಿದವನು ನಾನೇ. ಕಳುಹಿಸಲು ಸುಲಭವಾಗಲೆಂದು ಎಲ್ಲವನ್ನೂ ಎಂ.ಪಿ.೩ ಮಾಡಿ, ಯಂತ್ರದಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿಬಿಟ್ಟೆವು. ಕೆಲವು ತಿಂಗಳ ಮೇಲೆ, ಹಣ ಕೂಡಿದಾಗ, ಅದನ್ನು ಮಾಸ್ಟರಿಂಗಿಗೆ ಕೊಟ್ಟೆವು. ಮರುದಿನ ತಜ್ಞರು ಫೋನ್ ಮಾಡಿದರು. ಅವರು ಕೇಳಿದ್ದು ಒಂದೇ ಮಾತು: “ಮೇಷ್ಟ್ರೇ, ಇದರ ಮೂಲ ಇದೆಯೆ?”

ಮೂಲ ಇರಲಿಲ್ಲ. ಗಮಕಿಗಳೂ ಆ ವೇಳೆಗೆ ಇರಲಿಲ್ಲ. ತಜ್ಞರು ತಮ್ಮಿಂದಾದಷ್ಟು ಮೃದುಮಾಡಿ ಕೊಟ್ಟರು. ಆದರೂ ಅವರ ಸ್ವರ ಮೇಲಕ್ಕೇರಿದ ಎಡೆಗಳಲ್ಲೆಲ್ಲ ಒಂದು ಕಂಚಿನ ಪಾತ್ರೆ ಬಿರಿದಂಥ ಸದ್ದು ಇಂದಿಗೂ ಇದೆ. ಅವರ ಮಗಳು ಒಮ್ಮೆ ಅದನ್ನು ಕೇಳಿ, “ಅಪ್ಪನ ದನಿ ಹೀಗೆ ಒಡೆಯುತ್ತಿರಲಿಲ್ಲ, ಅಲ್ಲವೆ ಮೇಷ್ಟ್ರೇ?” ಎಂದರು. ಒಡೆಯುತ್ತಿರಲಿಲ್ಲ. ಅದನ್ನು ಒಡೆದದ್ದು ನಮ್ಮ ಅವಸರ.

ಇಂದು ಈ ಪೈಪೋಟಿಗೆ ಅರ್ಥವೂ ಉಳಿದಿಲ್ಲವೆಂಬುದನ್ನು ಆಮೇಲೆ ತಿಳಿದೆ. ಕಿವಿಗೆ ತೋರುವ ಗಟ್ಟಿತನವನ್ನು ಅಳೆಯುವ ಒಂದು ವಿಧಾನವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ೨೦೦೬ರಲ್ಲಿ ಗೊತ್ತುಮಾಡಿತು. ಅದರ ಮಾನಕ್ಕೆ ಎಲ್.ಯು.ಎಫ್.ಎಸ್. ಎಂದು ಹೆಸರು. ಯೂರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟ ೨೦೧೦ರಲ್ಲಿ ತನ್ನ ಕಾರ್ಯಕ್ರಮಗಳಿಗೆ ಮೈನಸ್ ೨೩ ಎಂಬ ಮಟ್ಟವನ್ನು ಶಿಫಾರಸು ಮಾಡಿತು. ಅಂತರಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ ೧೪ಕ್ಕೆ ಹೊಂದಿಸುತ್ತದೆ. ನೀವು ಹಾಡನ್ನು ಹಿಂಡಿ ಹಿಸುಕಿ ಮೈನಸ್ ೮ಕ್ಕೆ ಏರಿಸಿ ಕೊಟ್ಟರೆ ಅದು ಆರು ಡೆಸಿಬೆಲ್ ಇಳಿಸಿಯೇ ಕೇಳಿಸುತ್ತದೆ. ಗಟ್ಟಿತನವಂತೂ ಬರಲಿಲ್ಲ, ಹಿಸುಕಿದ ಗಾಯ ಮಾತ್ರ ಉಳಿಯಿತು. ಆದ್ದರಿಂದ ಇಡೀ ಹಾಡಿನ ಮೇಲೆ ಲಿಮಿಟರನ್ನು ಹಾಕದೆ ಕಳುಹಿಸಬೇಕು. ಹಾಕಿ ಕೇಳಿದ್ದು ನಿಮಗೆ ಮೆಚ್ಚಿಗೆಯಾಗಿದ್ದರೆ ಅದನ್ನು ಬೇರೊಂದು ಫೈಲಾಗಿ, ನಮ್ಮ ಮನಸ್ಸಿನಲ್ಲಿರುವುದು ಇಂಥದು ಎಂದು ತೋರಿಸುವುದಕ್ಕೆ, ಜೊತೆಯಲ್ಲಿ ಇಡಬಹುದು. ಪ್ರತಿ ಹಾಡನ್ನೂ ತುತ್ತತುದಿಗೆ ಏರಿಸಿ ಸಮಮಾಡುವುದೂ ಬೇಡ. ಹಾಗೆ ಮಾಡಿದರೆ ಮೆಲ್ಲನೆಯ ಆಲಾಪನೆಯೂ ತನಿ ಆವರ್ತನದಷ್ಟೇ ಅಬ್ಬರಿಸುತ್ತದೆ.

ಕಿವಿಯ ಪರೀಕ್ಷೆ

ಫೈಲು ಸಿದ್ಧವಾದ ದಿನವೇ ಅದನ್ನು ಪರೀಕ್ಷಿಸಬಾರದು. ದಿನವೆಲ್ಲ ಕೇಳಿ ದಣಿದ ಕಿವಿ ಒಳ್ಳೆಯ ಸಾಕ್ಷಿಯಲ್ಲ. ಒಂದು ರಾತ್ರಿ ಕಳೆಯಲಿ. ಬೆಳಗ್ಗೆ ಮನೆ ನಿಶ್ಶಬ್ದವಾಗಿರುವಾಗ, ಪರದೆಯ ಮೇಲಿನ ಅಲೆಯ ಚಿತ್ರವನ್ನು ಮೊದಲು ಒಮ್ಮೆ ನೋಡಬೇಕು. ಬೆಟ್ಟದ ಸಾಲಿನಂತೆ ಏರಿಳಿತವಿದ್ದರೆ ಸರಿ. ಇಟ್ಟಿಗೆಯಂತೆ ಸಪಾಟಾಗಿದ್ದರೆ ಎಲ್ಲೋ ಹಿಸುಕಾಗಿದೆ. ಆಮೇಲೆ ಪರದೆಯನ್ನು ನೋಡದೆ, ಕಣ್ಣು ಮುಚ್ಚಿ, ಹೆಡ್‌ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಬೇಕು.

ಆಗ ಮೊದಲು ಕಿವಿಗೆ ಬೀಳುವುದು ಹಾಡಲ್ಲದ ಸದ್ದುಗಳು: ತಿರುಗುವ ಫ್ಯಾನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ತುಂಡುಗಳನ್ನು ಸೇರಿಸಿದ ಕಡೆ ಟಿಕ್ಕೆನ್ನುವ ಸದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನದ್ದಾದುದರಿಂದ ತಂತಿಯ ದೋಷವಿದ್ದರೆ ೫೦, ೧೦೦, ೧೫೦ ಹೀಗೆ ಒಂದು ಗುಂಯ್‌ಗುಡುವಿಕೆ ಸೇರಿರುತ್ತದೆ. ತಂಬೂರಿಯ ಜೊತೆಯಲ್ಲಿ ಅದು ಸುಲಭವಾಗಿ ಅಡಗಿಕೊಂಡು, ಗಟ್ಟಿತನ ಏರಿಸಿದಾಗ ಹೊರಕ್ಕೆ ಬರುತ್ತದೆ.

ಎರಡನೆಯದು ಅಕ್ಷರಶುದ್ಧಿ. ಪಕಾರ ಬಕಾರಗಳನ್ನು, ಅದರಲ್ಲೂ ಮಹಾಪ್ರಾಣವಾದ ಭಕಾರವನ್ನು ಮೈಕಿಗೆ ನೇರವಾಗಿ ಉಚ್ಚರಿಸಿದರೆ ಉಸಿರು ಬಡಿದು ಧೊಪ್ಪೆನ್ನುತ್ತದೆ. ಶ ಷ ಸಗಳ ತೀಕ್ಷ್ಣತೆ ಸುಮಾರು ೫,೦೦೦ ಆವರ್ತನಗಳಿಂದ ಮೇಲಕ್ಕೆ ಇರುತ್ತದೆ. ಮಾಸ್ಟರಿಂಗ್ ತಜ್ಞ ಅದನ್ನು ಇಳಿಸಬಲ್ಲ. ಆದರೆ ಆತನ ಕೈಗೆ ಬರುವುದು ಎಲ್ಲ ವಾದ್ಯಗಳೂ ಬೆರೆತ ಒಂದೇ ಫೈಲು. ಸಕಾರವನ್ನು ಇಳಿಸಿದರೆ ಪಿಟೀಲಿನ ಮೆರುಗೂ ತಾಳದ ಕಿಂಕಿಣಿಯೂ ಇಳಿಯುತ್ತವೆ. ಹಾಡಿದವರ ಧ್ವನಿಯೊಂದೇ ಬೇರೆಯಾಗಿರುವ ಹಂತದಲ್ಲಿ, ಮಿಕ್ಸಿಂಗ್ ಮಾಡುವಾಗಲೇ, ಇದನ್ನು ತಿದ್ದಿಕೊಳ್ಳುವುದು ನ್ಯಾಯ. ಸಾಹಿತ್ಯವನ್ನು ತಿಳಿಯದ ಒಬ್ಬರನ್ನು ಕೂರಿಸಿ, ಕೇಳಿದ್ದನ್ನು ಬರೆಯಲು ಹೇಳಿ ನೋಡಿ. ಅವರು ತಪ್ಪಿ ಬರೆದ ಕಡೆ ಹಾಡಿನವರ ಧ್ವನಿ ವಾದ್ಯದಲ್ಲಿ ಮುಳುಗಿದೆ ಎಂದರ್ಥ.

ಮೂರನೆಯದು ರೇಡಿಯೊ ಇರುವ ಮನೆಯವರು ಸುಲಭವಾಗಿ ಮಾಡಬಹುದಾದ ಪರೀಕ್ಷೆ. ಎಡಬಲ ಎರಡು ಧಾರೆಗಳನ್ನೂ ಒಂದೇ ಧ್ವನಿಪೆಟ್ಟಿಗೆಯಲ್ಲಿ ಸೇರಿಸಿ ಕೇಳಿ. ಒಬ್ಬರಿಗೇ ಎರಡು ಮೈಕು ಇಟ್ಟಿದ್ದಾಗ, ಒಂದರ ಅಲೆ ಏರುವಾಗ ಇನ್ನೊಂದರ ಅಲೆ ಇಳಿಯುವಂತಿದ್ದರೆ, ಎರಡನ್ನೂ ಕೂಡಿಸಿದೊಡನೆ ಅವು ಪರಸ್ಪರ ಕಳೆದುಹೋಗುತ್ತವೆ. ಹೆಡ್‌ಫೋನಿನಲ್ಲಿ ವಿಶಾಲವಾಗಿ ಹರಡಿದ್ದ ವೀಣೆ ಒಂದೇ ಪೆಟ್ಟಿಗೆಯಲ್ಲಿ ಬಾವಿಯೊಳಗಿಂದ ಬಂದಂತೆ ಕೇಳಿಸಿದರೆ ದೋಷ ಇಲ್ಲಿಯೇ ಇದೆ.

ನಾಲ್ಕನೆಯದು ಹೋಲಿಕೆ. ನಿಮಗೆ ಮೆಚ್ಚಿಗೆಯಾದ, ಅದೇ ಬಗೆಯ ಒಂದು ಮುದ್ರಿಕೆಯನ್ನು ಪಕ್ಕದಲ್ಲಿಟ್ಟು ಕೇಳಿ. ಆದರೆ ಅದರ ಸದ್ದನ್ನು ಇಳಿಸಿ ನಿಮ್ಮದರ ಮಟ್ಟಕ್ಕೆ ತಂದುಕೊಂಡು ಕೇಳಬೇಕು. ಇಲ್ಲವಾದರೆ ಮೇಲೆ ಹೇಳಿದ ಮೋಹ ಮತ್ತೆ ಗೆಲ್ಲುತ್ತದೆ.

ಜೊತೆಗೆ ಹೋಗಬೇಕಾದ ಚೀಟಿ

ಓಲೆಗರಿಯ ಅಂಚಿನಲ್ಲೂ ದಾರದ ತೂತಿನ ಸುತ್ತಲೂ ಲಿಪಿಕಾರ ಬರೆಯದೆ ಬಿಡುತ್ತಿದ್ದ. ಸವೆಯುವುದು ಅಲ್ಲಿಯೇ ಎಂದು ಅವನಿಗೆ ಗೊತ್ತಿತ್ತು. ಹಾಗೆಯೇ ಹಾಡಿನ ಹಿಂದೆ ಮುಂದೆ ಎರಡು ಮೂರು ಸೆಕೆಂಡು ಬಿಡುವು ಇರಲಿ. ಕೊನೆಯ ಮೀಟಿನ ನಾದ ಪೂರ್ತಿಯಾಗಿ ಇಂಗುವ ಮೊದಲೇ ಕತ್ತರಿಸಬೇಡಿ. ಪ್ರತಿ ಫೈಲಿಗೂ ಸ್ಪಷ್ಟವಾದ ಹೆಸರು, ಕ್ರಮಸಂಖ್ಯೆ. “ಕೊನೆಯದು”, “ಕೊನೆಯದು ಹೊಸದು” ಎಂಬ ಹೆಸರುಗಳಿಂದ ಕಳುಹಿಸಿದವರಿಗೇ ಗಲಿಬಿಲಿಯಾಗುತ್ತದೆ. ಹಾಡು, ರಾಗ, ತಾಳ, ವಾಗ್ಗೇಯಕಾರ, ಹಾಡಿದವರು, ನುಡಿಸಿದವರು, ಮುದ್ರಿಸಿದ ಬಿಟ್ಟು ಮತ್ತು ಅಳತೆಯ ದರ, ಮುದ್ರಿಕೆಯಲ್ಲಿ ಯಾವುದರ ಮುಂದೆ ಯಾವುದು ಬರಬೇಕು, ಇವನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಿಮಗೆ ತಿಳಿದೂ ತಿದ್ದಲಾಗದ ದೋಷವಿದ್ದರೆ ಅದನ್ನು ಬಚ್ಚಿಡದೆ ಇಂಥ ನಿಮಿಷದಲ್ಲಿ ಇದೆ ಎಂದು ಹೇಳಿ. ವೈದ್ಯರ ಮುಂದೆ ಕಾಯಿಲೆಯನ್ನು ಮುಚ್ಚುವವರುಂಟೆ?

ಎಲ್ಲಕ್ಕಿಂತ ಮುಖ್ಯವಾಗಿ, ಮೂಲದ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟುಕೊಂಡ ಮೇಲೆಯೇ ಫೈಲನ್ನು ಕಳುಹಿಸತಕ್ಕದ್ದು. ಈಗ ನಮ್ಮ ಶಾಲೆಯಲ್ಲಿ ಮಕ್ಕಳು ಹಾಡಿದ್ದನ್ನು ಮುದ್ರಿಸಿದಾಗ ಒಂದು ಪ್ರತಿ ಶಾಲೆಯ ಬೀರುವಿನಲ್ಲಿ, ಒಂದು ಪ್ರತಿ ನನ್ನ ಮನೆಯಲ್ಲಿ ಇರುತ್ತದೆ. “ಸಾರ್, ಸದ್ದು ಸಾಲದು” ಎಂದು ಹುಡುಗರು ಹೇಳುತ್ತಾರೆ. ಅವರನ್ನು ಕೂರಿಸಿ, ಆ ಗಮಕಿಗಳ ವಾಚನವನ್ನು ಎರಡು ನಿಮಿಷ ಕೇಳಿಸುತ್ತೇನೆ. ಧ್ವನಿ ಒಡೆಯುವ ಆ ಜಾಗ ಬಂದಾಗ ಅವರೇ ತಲೆಯೆತ್ತಿ ನೋಡುತ್ತಾರೆ. ಆಮೇಲೆ ಅವರಿಗೆ ಹೆಚ್ಚು ಹೇಳಬೇಕಾಗುವುದಿಲ್ಲ.